ರುಜುವಾತಿನ ಹೊಣೆ ಯಾರದು?

ಕೊಡಗಿನ ಗೋಣಿಕೊಪ್ಪಲು ಸಮೀಪದ ಕಾಫಿ ಬೆಳೆಗಾರರೊಬ್ಬರು ನಮಗೆ ಹೀಗೆ ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಲೈನ್‌ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿರುವ ಯರವ ಆದಿವಾಸಿ ಕುಟುಂಬಗಳ ಹಕ್ಕುಗಳ ಬಗ್ಗೆ ಪ್ರಕಟವಾದ ಲೇಖನ ಓದಿದೆ. ನನಗಿರುವುದು 8 ಎಕರೆ ತೋಟ. ಮಳೆಗಾಲದಲ್ಲಿ ಒಂದು ಕುಟುಂಬಕ್ಕೆ 12 ಸಾವಿರ ರೂಪಾಯಿ ಮುಂಗಡ ಕೊಟ್ಟಿದ್ದೆ. ಕೊಯ್ಲು ಶುರುವಾಗುವ ಹೊತ್ತಿಗೆ ಅವರು ರಾತ್ರೋರಾತ್ರಿ ಹೇಳದೆ ಕೇಳದೆ ಬೇರೆ ತೋಟಕ್ಕೆ ಹೊರಟುಹೋದರು. ನನ್ನ ನಷ್ಟಕ್ಕೆ ಯಾವ ಕಾನೂನಿದೆ? ಕಾನೂನು ಎಂದಮೇಲೆ ಎಲ್ಲರಿಗೂ ಒಂದೇ ಆಗಬೇಕಲ್ಲವೇ? ಅವರಿಗೆ ಅಷ್ಟೊಂದು ಹಕ್ಕುಗಳಿದ್ದರೆ ಇಷ್ಟು ವರ್ಷ ಕೋರ್ಟಿಗೆ ಏಕೆ ಹೋಗಲಿಲ್ಲ?"

ಮಾನ್ಯರೇ,

ತಮ್ಮ ಪತ್ರದಲ್ಲಿ ಸಿಟ್ಟಿದೆ, ಆದರೆ ಪ್ರಶ್ನೆಗಳು ಪ್ರಾಮಾಣಿಕವಾಗಿವೆ. ಇಂಥ ಪ್ರಶ್ನೆಗಳನ್ನು ಜಿಲ್ಲೆಯ ಅನೇಕರು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆಯೇ ಹೊರತು ಬರೆದು ಕಳುಹಿಸುವುದಿಲ್ಲ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ತಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದೆರಡರ ಬೇರೂ ಅಲ್ಲೇ ಇದೆ.

ಕಾನೂನು ಎಲ್ಲರಿಗೂ ಒಂದೇ ಆಗಬೇಕು ಎಂಬುದನ್ನು ಒಪ್ಪದವರಿಲ್ಲ. ಆದರೆ ಒಂದೇ ಎಂದರೆ ಎಲ್ಲರ ಚರಿತ್ರೆಯೂ ಒಂದೇ ಎಂದು ಭಾವಿಸಿಕೊಳ್ಳುವುದಲ್ಲ ಎಂಬುದು ಬೇರೆಯವರಿಗಿಂತ ಕೊಡಗಿನವರಿಗೆ ಚೆನ್ನಾಗಿ ಗೊತ್ತಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದೇಶದ ಯಾವ ನಾಗರಿಕನೂ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೂ ಕೊಡವ ಜನಾಂಗದವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆ ನಿಯಮದಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು, ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಒಂದು ಸಮುದಾಯದ ಬದುಕಿನ ರೀತಿ ಮತ್ತು ಅದರ ಹಿಂದಿನ ಚರಿತ್ರೆಯನ್ನು ಕಾನೂನು ಗಮನಿಸಬಹುದು, ಗಮನಿಸಿದರೆ ಸಮಾನತೆಗೆ ಭಂಗ ಬರುವುದಿಲ್ಲ ಎಂಬುದೇ ಇದರ ಅರ್ಥ. ಆ ವಿನಾಯಿತಿಯನ್ನು ನಾನು ಆಕ್ಷೇಪಿಸುತ್ತಿಲ್ಲ. ಅದೇ ನ್ಯಾಯ ಇಲ್ಲಿನ ಆದಿವಾಸಿಗಳಾದ ಯರವರಿಗೂ, ಜೇನುಕುರುಬರಿಗೂ, ಪಣಿಯರಿಗೂ ಸಲ್ಲಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಅವರ ಚರಿತ್ರೆಯೇನು ಎಂದು ಕೇಳಿದರೆ ಕಾಗದದಲ್ಲಿ ಹೆಚ್ಚೇನೂ ಸಿಗುವುದಿಲ್ಲ. ತೊಂದರೆ ಇರುವುದೂ ಅಲ್ಲೇ. ಜಮ್ಮಾ ಗದ್ದೆಗೆ ಸನ್ನದು ಎಂಬ ಹಕ್ಕುಪತ್ರ ಇತ್ತು, ಗದ್ದೆಗೆ ಸೇರಿದ ಕಾಡುಜಾಗವಾದ ಬಾಣೆಗೆ ಲೆಕ್ಕವಿತ್ತು, ಸರ್ಕಾರಿ ಪಾಳು ಜಾಗವಾದ ಪೈಸಾರಿಗೂ ಸರ್ಕಾರದ ಪುಸ್ತಕದಲ್ಲಿ ಒಂದು ಸಾಲು ಇತ್ತು. ಆ ಗದ್ದೆಗಳಲ್ಲಿ ತಲೆತಲಾಂತರದಿಂದ ನಾಟಿ ಮಾಡಿದವರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಗದ್ದೆಯ ಜೊತೆಗೆ ಆಳನ್ನೂ ಸೇರಿಸಿ ಎಣಿಸುತ್ತಿದ್ದ ಕಾಲ ಈ ನಾಡಿನಲ್ಲಿತ್ತು. ದಾಸ್ಯದ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂಬ ಶಾಸನ ಭಾರತದಲ್ಲಿ ಬಂದದ್ದು 1843ರಲ್ಲಿ. ಕಾಫಿ ತೋಟಗಳು ವಿಸ್ತರಿಸಿದ ಮೇಲೆ ಅದೇ ಜನ ಲೈನ್‌ಮನೆಗಳಿಗೆ ಬಂದರು. ಅವರ ಇರುವಿಕೆಗೆ ಸಾಕ್ಷಿಯಾಗಿ ಉಳಿದದ್ದು ತೋಟದ ಚೆಕ್‌ರೋಲು ಎಂಬ ಹಾಜರಿ ಪುಸ್ತಕ ಮತ್ತು ಸಾಲದ ಪುಸ್ತಕ. ಅವೆರಡೂ ಇರುವುದು ದಣಿಯ ಕಪಾಟಿನಲ್ಲಿ.

ಕೆಲವು ವರ್ಷಗಳ ಹಿಂದೆ ತಿತಿಮತಿ ಕಡೆಯ ಒಬ್ಬ ಯರವ ಅಜ್ಜಿಯ ಜೊತೆ ನಾನು ಸರ್ಕಾರಿ ಕಚೇರಿಯೊಂದಕ್ಕೆ ಹೋಗಿದ್ದೆ. ಅವರಿಗೆ ವೃದ್ಧಾಪ್ಯ ವೇತನ ಬರಬೇಕಿತ್ತು. ವಯಸ್ಸಿನ ದಾಖಲೆ ಕೇಳಿದರು. "ಹಿಂದೆ ಬಿದಿರು ಅಕ್ಕಿ ಬಿಟ್ಟಾಗ ನಾನು ಅವ್ವನ ಹಾಲು ಕುಡಿಯುತ್ತಿದ್ದೆ" ಎಂದರು ಅಜ್ಜಿ. ಬಿದಿರು ಹೂಬಿಟ್ಟು ಅಕ್ಕಿ ಕಟ್ಟುವುದು ಹಲವು ದಶಕಗಳಿಗೊಮ್ಮೆ. ವಾಸದ ದಾಖಲೆ ಕೇಳಿದರು. ನಲವತ್ತು ವರ್ಷಗಳಲ್ಲಿ ತಾವಿದ್ದ ಐದು ತೋಟಗಳನ್ನೂ, ಯಾವ ಲೈನಿನಲ್ಲಿ ಎಷ್ಟನೆಯ ಮನೆ ಎಂಬುದನ್ನೂ ಅವರು ಬೆರಳು ಮಡಚಿ ಹೇಳಿದರು. ಮೇಜಿನ ಆಚೆಗಿದ್ದವರು ಕೆಟ್ಟವರಾಗಿರಲಿಲ್ಲ. "ಅಮ್ಮಾ, ಇದನ್ನೆಲ್ಲ ನಾನು ಎಲ್ಲಿ ಬರೆಯಲಿ?" ಎಂದು ಕೇಳಿದರು. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮನೆಯ ಮಾಲೀಕರಿಂದ ಒಂದು ಪತ್ರ ತರಬೇಕೆಂದು ಹೇಳಿ ಕಳುಹಿಸಿದರು. ಆಗ ಅಜ್ಜಿ ಇದ್ದ ತೋಟದ ಮಾಲೀಕರು ಪತ್ರ ಕೊಡಲು ಒಪ್ಪಲಿಲ್ಲ, ಬರೆದುಕೊಟ್ಟರೆ ನಾಳೆ ಮನೆಯ ಮೇಲೆ ಹಕ್ಕು ಸಾಧಿಸುತ್ತಾರೆಂಬ ಭಯ ಅವರಿಗಿತ್ತು.

ಆ ದಿನದಿಂದ ನನ್ನನ್ನು ಕಾಡುತ್ತಿರುವ ಒಂದು ವಿಷಯವನ್ನು ತಮ್ಮ ಮುಂದಿಡುತ್ತೇನೆ. ನಮ್ಮ ಕಾನೂನುಗಳು ಬಡವರ ವಿಷಯದಲ್ಲಿ ಕುರುಡಾಗಿವೆ ಎಂದು ಹೇಳುವವರಿದ್ದಾರೆ, ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕಾಗದವಿಲ್ಲದವನ ಕಷ್ಟವನ್ನು ಅರಿತು, ರುಜುವಾತಿನ ಹೊಣೆಯನ್ನು ಬಲಿಷ್ಠನ ಹೆಗಲಿಗೆ ದಾಟಿಸಿದ ಕಾನೂನುಗಳು ನಮ್ಮಲ್ಲಿವೆ. ಆ ಹೊಣೆ ಕಚೇರಿಯ ಮೇಜಿಗೆ ಬರುವಷ್ಟರಲ್ಲಿ ಮತ್ತೆ ದುರ್ಬಲನ ಹೆಗಲಿಗೇ ಬಂದು ಕೂರುತ್ತದೆ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನೇ ನೋಡಿ. ಅದರ 15ನೆಯ ಕಲಮಿನ ಪ್ರಕಾರ, ಒಂದು ಸಾಲ ಜೀತದ ಸಾಲವೆಂದು ಕೆಲಸಗಾರನಾಗಲಿ ಅದೇ ಕಾಯ್ದೆಯಡಿ ರಚನೆಯಾದ ಜಾಗೃತಿ ಸಮಿತಿಯಾಗಲಿ ಹೇಳಿದರೆ, ಅದು ಅಂಥ ಸಾಲವಲ್ಲವೆಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನೇ. ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದವರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಹೇಳಿತು. ಹಸಿವು ಕೂಡ ಒಂದು ಬಲವಂತ ಎಂಬ ತಿಳಿವು ಆ ತೀರ್ಪಿನ ಒಳಗಿದೆ. ಮರುವರ್ಷ ಹರಿಯಾಣದ ಕಲ್ಲುಗಣಿಗಳ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಅಥವಾ ಅಂಥದ್ದೇ ಋಣವಿದೆಯೆಂದು ನ್ಯಾಯಾಲಯವೇ ಭಾವಿಸಿಕೊಳ್ಳಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಮತ್ತು ಸರ್ಕಾರದ್ದು ಎಂದಿತು. ಆ ಪ್ರಕರಣ ಆರಂಭವಾದದ್ದು ನ್ಯಾಯಮೂರ್ತಿಯೊಬ್ಬರಿಗೆ ಬರೆದ ಒಂದು ಪತ್ರದಿಂದ. ಓದುಗರ ಪತ್ರಗಳ ನಡುವೆಯೇ ದಿನ ಕಳೆಯುವ ನನಗೆ ಈ ಸಂಗತಿ ಆಗಾಗ ನೆನಪಾಗುತ್ತದೆ.

ಕಾಡಿನ ಜಾಗದ ಮೇಲೆ ಕಾಡಿನ ಜನರ ಹಕ್ಕನ್ನು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳೂ ಹೀಗೆಯೇ ಇವೆ. ಅರ್ಜಿದಾರನಲ್ಲದ ಹಿರಿಯರೊಬ್ಬರ ಹೇಳಿಕೆಯನ್ನು ಬರೆದುಕೊಂಡರೆ ಅದು ಒಂದು ಸಾಕ್ಷ್ಯ. ಹಳೆಯ ಗುಡಿಸಲಿನ ಕುರುಹು, ಹೆಣ ಹೂಳುವ ಜಾಗ, ದೇವರ ಮರ, ಗೆಡ್ಡೆ ಅಗೆಯುವ ತಾಣ, ಇವೂ ಸಾಕ್ಷ್ಯಗಳೇ. ಬಿದಿರು ಅಕ್ಕಿ ಬಿಟ್ಟ ವರ್ಷದ ನೆನಪಿಗೂ ಇಲ್ಲಿ ಬೆಲೆಯಿದೆ. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣಗಳನ್ನು ವಿವರವಾಗಿ ಬರೆದು ಕೊಡಬೇಕು. ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಆದರೂ 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು. ತಿರಸ್ಕಾರ ಕ್ರಮಬದ್ಧವಾಗಿತ್ತೇ ಎಂಬ ಪ್ರಶ್ನೆ ಎದ್ದ ಮೇಲೆ ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ಆ ಹದಿನೈದು ದಿನ ನಾಗರಹೊಳೆ ಅಂಚಿನ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಜನ ಹೇಗೆ ಮಲಗಿದರೋ ನಾವು ಊಹಿಸಿಕೊಳ್ಳಬೇಕು. 2025ರ ಮೇ ತಿಂಗಳಿನಲ್ಲಿ ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಜೇನುಕುರುಬ ಕುಟುಂಬಗಳು ತಾವಾಗಿಯೇ ಮರಳಿ ಹೋಗಿ ಗುಡಿಸಲು ಕಟ್ಟಿಕೊಂಡದ್ದು ತಮಗೂ ತಿಳಿದಿರುತ್ತದೆ. ಹಿರಿಯರ ಗೋರಿಗಳು ಅಲ್ಲಿವೆ ಎಂಬುದು ಅವರ ಮಾತು. ಅದನ್ನು ಭಾವುಕತೆ ಎಂದು ಬದಿಗೆ ಸರಿಸುವವರು ಆ ನಿಯಮಾವಳಿಯನ್ನು ಒಮ್ಮೆ ಓದಬೇಕು. ಅಲ್ಲಿ ಗೋರಿ ಒಂದು ದಾಖಲೆ.

ಆದರೆ ತಮ್ಮ ತೋಟದಿಂದ ಹೋದ ಕುಟುಂಬದ ಕಥೆ ಇದಕ್ಕಿಂತ ಜಟಿಲ. ಅವರ ಅಜ್ಜಂದಿರು ಕಾಡು ಬಿಟ್ಟು ತೋಟಕ್ಕೆ ಬಂದಿರಬಹುದು. 2005ರ ಡಿಸೆಂಬರ್ 13ರ ಹೊತ್ತಿಗೆ ಅರಣ್ಯಭೂಮಿ ತಮ್ಮ ಸ್ವಾಧೀನದಲ್ಲಿತ್ತೆಂದು ತೋರಿಸಬೇಕಾದ ಅರಣ್ಯ ಹಕ್ಕು ಕಾಯ್ದೆ ಅವರಿಗೆ ದಕ್ಕುವುದು ಕಷ್ಟ. ಇತ್ತ ವಸತಿಯ ಹೊಣೆಯನ್ನು ಮಾಲೀಕನಿಗೆ ವಹಿಸಿದ 1951ರ ತೋಟ ಕಾರ್ಮಿಕರ ಕಾಯ್ದೆ 5 ಹೆಕ್ಟೇರ್ ಮತ್ತು 15 ಕಾರ್ಮಿಕರು ಎಂಬ ಗೆರೆ ಹಾಕಿಕೊಂಡಿತ್ತು. ತಮ್ಮ 8 ಎಕರೆ ಆ ಗೆರೆಯ ಹೊರಗೆ. ಕೊಡಗಿನ ಬಹುಪಾಲು ಹಿಡುವಳಿಗಳು ಹೀಗೆ ಸಣ್ಣವೇ. ಕಾಡಿನ ಕಾನೂನಿಗೆ ಇವರು ಕಾಡಿನವರಲ್ಲ, ತೋಟದ ಕಾನೂನಿಗೆ ತೋಟದವರೂ ಅಲ್ಲ. 2016ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅತಿಕ್ರಮಣವೆಂದು ಕೆಡವಿದಾಗ ನಾವು ಕಂಡದ್ದು ಇದನ್ನೇ. ಅಲ್ಲಿದ್ದ ಅನೇಕರು ಲೈನ್‌ಮನೆಗಳನ್ನು ಬಿಟ್ಟು ಬಂದವರು, ತಮ್ಮದೆನ್ನುವ ಒಂದು ಸೂರಿಗಾಗಿ ಬಂದವರು. ಬಹಳ ಹೋರಾಟದ ನಂತರ ಅವರಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ನೆಲೆ ಸಿಕ್ಕಿತು. ಅವರು ಅತಿಕ್ರಮಣಕಾರರೇ ಎಂಬ ಪ್ರಶ್ನೆಗಿಂತ, ಅತಿಕ್ರಮಿಸದೆ ಈ ಜಿಲ್ಲೆಯಲ್ಲಿ ಅವರು ನಿಲ್ಲಬಹುದಾದ ಒಂದು ಅಂಗುಲ ಜಾಗ ಎಲ್ಲಿತ್ತು ಎಂಬ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು, ಅವರು ಏಕೆ ಕೋರ್ಟಿಗೆ ಹೋಗಲಿಲ್ಲ? ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಒದಗಿಸಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಮಡಿಕೇರಿಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ, 15100 ಎಂಬ ಸಹಾಯವಾಣಿ ಇದೆ. ಆದರೆ ಕುಟ್ಟದ ಕಡೆಯಿಂದ ಮಡಿಕೇರಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಇನ್ನಷ್ಟು. ಅದನ್ನೂ ಹೇಗೋ ಹೊಂದಿಸಿಕೊಂಡರು ಎನ್ನಿ. ಯಾರ ಮೇಲೆ ದೂರು ಕೊಡಬೇಕೋ ಅವರದೇ ಮನೆಯಲ್ಲಿ ಮಲಗಬೇಕು, ಅವರದೇ ಬಾವಿಯ ನೀರು ತರಬೇಕು, ಅವರ ತೋಟದ ಸೌದೆಯಲ್ಲಿಯೇ ಗಂಜಿ ಬೇಯಿಸಬೇಕು. ಸಂಜೆ ದೂರಿನ ಸುದ್ದಿ ತಲುಪಿದರೆ ಬೆಳಿಗ್ಗೆ ಪಾತ್ರೆಪಗಡಿ ಹೊರಗೆ. ಮಕ್ಕಳ ಶಾಲೆಯೂ ಅಲ್ಲಿಗೆ ಮುಗಿಯಿತು. ಜೀತವಿಮುಕ್ತರನ್ನು ಅವರಿದ್ದ ಮನೆಯಿಂದ ಹೊರಹಾಕುವಂತಿಲ್ಲ, ಹಾಕಿದರೆ ದಂಡಾಧಿಕಾರಿ ಮರಳಿ ಕೊಡಿಸಬೇಕು ಎಂದು 1976ರ ಕಾಯ್ದೆಯ 8ನೆಯ ಕಲಮು ಹೇಳುತ್ತದೆ, ನಿಜ. ಆ ರಕ್ಷಣೆ ಸಿಗಬೇಕಾದರೆ ಮೊದಲು ಜೀತವೆಂದು ಗುರುತಾಗಬೇಕು. ಗುರುತಾಗಬೇಕಾದರೆ ಬಾಯಿಬಿಡಬೇಕು. ದೇವರಪುರದ ಕುಂಡೆ ಹಬ್ಬದಲ್ಲಿ ಇದೇ ಜನ ದೇವರನ್ನೂ ಎದುರಾದವರನ್ನೂ ಬಾಯಿತುಂಬ ಬೈಯುವುದನ್ನು ತಾವು ನೋಡಿದ್ದೀರಿ. ವರ್ಷಕ್ಕೊಮ್ಮೆ ಸಂಪ್ರದಾಯ ಅವರಿಗೆ ಆ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. ಮರುದಿನ ಕೂಲಿ ಬಟವಾಡೆಯ ಸಾಲಿನಲ್ಲಿ ನಿಂತಾಗ ಅದು ಇರುವುದಿಲ್ಲ.

ಕೊನೆಯದಾಗಿ ತಮ್ಮ 12 ಸಾವಿರ ರೂಪಾಯಿ. ಮುಂಗಡ ಕೊಡುವುದು ಅಪರಾಧವಲ್ಲ. ಮಳೆಗಾಲದಲ್ಲಿ ಕೆಲಸವಿಲ್ಲದ ವಾರಗಳಲ್ಲಿ ಅಕ್ಕಿಗೂ ಆಸ್ಪತ್ರೆಗೂ ಅದೇ ಆಸರೆ ಎಂಬುದನ್ನು ಬಲ್ಲೆ. ಆದರೆ ಆ ಮುಂಗಡ ತೀರುವವರೆಗೆ ಬೇರೆ ಕಡೆ ದುಡಿಯಬಾರದು, ತೋಟ ಬಿಟ್ಟು ಹೋಗಬಾರದು ಎಂಬ ಕಟ್ಟು ಅದಕ್ಕೆ ಸೇರಿಕೊಂಡರೆ, ಅಥವಾ ಅದರ ನೆಪದಲ್ಲಿ ಕೂಲಿ ತೀರಾ ನಾಮಮಾತ್ರವಾದರೆ, ಅದು ಜೀತ. ಅಂಥ ಸಾಲ ಕಾನೂನಿನ ಕಣ್ಣಿನಲ್ಲಿ ಆಗಲೇ ತೀರಿಹೋಗಿದೆ, ವಸೂಲಿಗೆ ದಾವೆ ಹೂಡುವಂತಿಲ್ಲ. ಪರಿಶಿಷ್ಟ ಪಂಗಡದವರನ್ನು ಹೀಗೆ ದುಡಿಸಿದರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ. ತಮ್ಮದು ಯಾವ ಕಟ್ಟೂ ಇಲ್ಲದ ಬರಿಯ ಕೈಸಾಲವಾಗಿದ್ದರೆ, ಎಲ್ಲ ಸಾಲಗಳಂತೆ ಸಿವಿಲ್ ನ್ಯಾಯಾಲಯದ ದಾರಿ ಇದೆ. ಯಾವುದು ತಮ್ಮದು ಎಂಬುದಕ್ಕೆ ತಾವೇ ಉತ್ತರಿಸಿಕೊಳ್ಳಬೇಕು. ಒಂದು ಮಾತು ಮಾತ್ರ ಹೇಳಲೇಬೇಕು: ಅವರು ರಾತ್ರಿ ಹೋದರು ಎಂದು ತಾವು ನೊಂದುಕೊಂಡಿದ್ದೀರಿ. ಹಗಲು ಹೇಳಿ ಹೋಗುವುದು ಸಾಧ್ಯವಿದೆ ಎಂದು ಅವರಿಗೆ ಅನಿಸಿರಲಿಲ್ಲವೇ ಎಂಬುದನ್ನು ದಯವಿಟ್ಟು ಯೋಚಿಸಿ.

ತಮ್ಮ ಲೈನಿನಲ್ಲಿ ಈಗಲೂ ಬೇರೆ ಕುಟುಂಬಗಳಿದ್ದರೆ, ಅವರು ಇಂಥ ದಿನದಿಂದ ಇಲ್ಲಿ ವಾಸವಾಗಿದ್ದಾರೆ ಎಂದು ಅರ್ಧ ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ. ವಾಸವಿರುವುದನ್ನಷ್ಟೇ ಹೇಳುವ ಅಂಥ ಪತ್ರದಿಂದ ತೋಟದ ಒಡೆತನ ಯಾರಿಗೂ ಹೋಗುವುದಿಲ್ಲ. ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಜಾತಿ ಪ್ರಮಾಣಪತ್ರ, ಇವೆಲ್ಲಕ್ಕೂ ಅವರಿಗೆ ಅದು ಬೇಕಾಗುತ್ತದೆ. ತಿತಿಮತಿಯ ಆ ಅಜ್ಜಿಗೆ ಮುಂದೆ ಮತ್ತೊಂದು ತೋಟದ ಯಜಮಾನತಿಯೊಬ್ಬರು ಹೀಗೆಯೇ ನಾಲ್ಕು ಸಾಲು ಬರೆದುಕೊಟ್ಟರು. ಅಜ್ಜಿಯ ಅರ್ಜಿ ಆ ಕಾಗದದ ಜೊತೆ ಎರಡನೆಯ ಬಾರಿ ಕಚೇರಿಗೆ ಹೋಯಿತು, ಈ ಸಲ ಅದನ್ನು ತೆಗೆದುಕೊಂಡರು.

ಸಂಪಾದಕ