56 ಎ.ಪಿ.ಒ. ಅನ್ನುವ ಊರು

ನಿಮ್ಮ ಯಜಮಾನರು ಡಾಕ್ಟರ್ ಆಗಿ ಸೇನೆ ಸೇರುವ ಯೋಚನೆಯಲ್ಲಿದ್ದಾರೆ, ಮಗು ಚಿಕ್ಕದು. "ಮಿಲಿಟರಿ ಡಾಕ್ಟರ್ ಮಕ್ಕಳು ಯಾರಾದರೂ ಇದ್ದರೆ ಹೇಳಿ, ಅಪ್ಪ ಕೈಗೆ ಸಿಗ್ತಿದ್ರಾ?" ಅಂತ ಕೇಳಿದ್ದೀರಿ. ನಾನು ಅಂಥ ಒಬ್ಬ ಡಾಕ್ಟರ ಮಗ. ಊರು ರಾಯಚೂರು.

ಲೆಕ್ಕ ಹಾಕಿದರೆ ಸಿಗಲಿಲ್ಲ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಕ್ಯಾಶುಯಲ್ ರಜೆ. ಅದೂ ಕಾಗದದ ಮೇಲೆ. ಬೆಟ್ಟದಿಂದ ಇಳಿದು, ದೆಹಲಿ ಮುಟ್ಟಿ, ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ರಾಯಚೂರಿನಲ್ಲಿ ಇಳಿಯುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಇರಲಿಲ್ಲ. ಅಜ್ಜಿ ತೀರಿಕೊಂಡಾಗ ಮಣ್ಣಾದ ಮೂರನೇ ದಿನಕ್ಕೆ ಬಂದರು. ಆ ಸಿಟ್ಟು ಅಮ್ಮನಿಗೆ ಬಹಳ ವರ್ಷ ಇತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪ ಓದಿದ್ದು ಬಳ್ಳಾರಿ ಮೆಡಿಕಲ್ ಕಾಲೇಜಿನಲ್ಲಿ. ಐದು ವರ್ಷಕ್ಕೆ ಅಂತ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಸೇನೆಯ ಅಲ್ಪಾವಧಿ ನೌಕರಿ, ತಗೊಂಡವರು ಇಪ್ಪತ್ತು ವರ್ಷ ದಾಟಿಸಿದರು. ಲಕ್ನೋದಲ್ಲಿ ಟ್ರೇನಿಂಗ್ ಮುಗಿಸಿ ಒಂದು ಪದಾತಿ ಬೆಟಾಲಿಯನ್‌ಗೆ ಆರ್.ಎಂ.ಒ. (ರೆಜಿಮೆಂಟಲ್ ಮೆಡಿಕಲ್ ಆಫೀಸರ್) ಆದರು. ಅಂದರೆ ಸುಮಾರು ಎಂಟುನೂರು ಜನರಿಗೆ ಒಬ್ಬ ಡಾಕ್ಟರ್. ಆಸ್ಪತ್ರೆ ಇಲ್ಲ, ಎಂ.ಐ. ರೂಮ್ ಅಂತ ರೋಗಿಗಳನ್ನ ನೋಡೋಕೆ ಒಂದು ಕೋಣೆ. ಸ್ಕೂಲಲ್ಲಿ ಹುಡುಗರು "ನಿಮ್ಮಪ್ಪ ಎಷ್ಟು ಜನರನ್ನ ಹೊಡದಾರೋ?" ಅಂತ ಕೇಳೋರು. ನಾನು ಒಮ್ಮೆ ಮೂರು ಅಂದುಬಿಟ್ಟೆ. ಅಪ್ಪನಿಗೆ ಗೊತ್ತಾಗಿ, ತೋಳಿಗೆ ಕಟ್ಟುವ ರೆಡ್ ಕ್ರಾಸ್ ಪಟ್ಟಿ ತೋರಿಸಿ, ಡಾಕ್ಟರ್ ಪಿಸ್ತೂಲ್ ಇಟ್ಟುಕೊಳ್ಳೋದು ತನ್ನ ಮತ್ತು ರೋಗಿಯ ಜೀವ ಉಳಿಸೋಕೆ ಮಾತ್ರ ಅಂತ ಅರ್ಧ ಗಂಟೆ ಹೇಳಿದರು. ಮರುದಿನ ನಾನು ಹೋಗಿ ಸೊನ್ನೆ ಅಂತ ತಿದ್ದಿಕೊಂಡೆ. ಮಾನ ಹೋಯ್ತು.

ಅವರ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಹೆಸರು, ಯೂನಿಟ್, ಕೇರಾಫ್ 56 ಎ.ಪಿ.ಒ., ಅಂದರೆ ಸೇನೆಯ ಅಂಚೆ ಕಚೇರಿ, ಅಷ್ಟೇ. ನಾನು ಅದನ್ನ ಅಟ್ಲಾಸ್‌ನಲ್ಲಿ ಹುಡುಕಿದ್ದೀನಿ. ಅವರು ಎಲ್ಲಿದ್ದೀನಿ ಅಂತ ಬರೆಯುವಂತಿರಲಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದ್ದರು. ನಡುಮನೆ ಗೋಡೆಗೆ ಒಂದು ಥರ್ಮಾಮೀಟರ್ ಹೊಡೆದು, ದಿನಾ ಮಧ್ಯಾಹ್ನ ಎರಡಕ್ಕೆ ನೋಡಿ ಬರೆದಿಡೋ ಕೆಲಸ ನನಗೆ ಕೊಟ್ಟರು. ವಾರಕ್ಕೊಂದು ಇನ್‌ಲ್ಯಾಂಡ್‌ನಲ್ಲಿ ನಾನು ನಮ್ಮದು ಬರೆಯಬೇಕು, ಅವರು ಅವರದ್ದು. ಒಂದು ಮೇ ತಿಂಗಳಲ್ಲಿ ನನ್ನದು 43, ಅವರದ್ದು ಮೈನಸ್ 8. "ಇಬ್ಬರ ನಡುವೆ ಎಷ್ಟು?" ಅಂತ ಕೆಳಗೆ ಪ್ರಶ್ನೆ. ನಾನು 35 ಅಂತ ಬರೆದೆ. ಉತ್ತರ ಬರೋಕೆ ಹದಿನೈದು ದಿನ ಹಿಡೀತು. ಕೆಂಪು ಇಂಕಿನಲ್ಲಿ ಒಂದು ಗೆರೆ, ನಡುವೆ ಸೊನ್ನೆ, ಆ ಕಡೆ ಅವರು, ಈ ಕಡೆ ನಾನು. 51. ಕ್ಲಾಸಿನಲ್ಲಿ ಋಣ ಸಂಖ್ಯೆ ಬರೋ ಹೊತ್ತಿಗೆ ನನಗೆ ಅದು ಹಳೇ ಪಾಠ.

ರಜೆಗೆ ಬಂದರೆ ಇನ್ನೊಂದು ಕಾಟ. ರಾತ್ರಿ ಮಲಗುವ ಮುಂಚೆ ಪಾದ ತೋರಿಸಬೇಕು. ಎತ್ತರದಲ್ಲಿ ಜವಾನನ ಕಾಲ್ಚೀಲ ಒದ್ದೆಯಾದರೆ ಬೆರಳೇ ಹೋಗಬಹುದು. ಹಾಗಾಗಿ ಪಾದ ನೋಡೋದು ಆರ್.ಎಂ.ಒ. ಕೆಲಸ. ಸರಿ, ಆದರೆ ರಾಯಚೂರಿನ ಬಿಸಿಲಲ್ಲಿ ಯಾವ ಹಿಮ? ಅಪ್ಪನಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಚಾಪೆ ಮೇಲೆ ನಾನೂ ತಂಗಿಯೂ ಕಾಲು ಚಾಚಿ ಕೂರಬೇಕು. ಟಾರ್ಚ್ ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡಿ, ಟವೆಲ್ಲಿನ ತುದಿಯಿಂದ ಸಂದಿ ಒರೆಸೋರು. ತಂಗಿ ಕಚಗುಳಿಗೆ ಒದ್ದರೆ "ಸಾವಧಾನ್!" ಅಂತ ಗದರಿಸಿ, ತಾವೇ ನಗೋರು.

ನಾನು ಓದೋಕೆ ಬೆಂಗಳೂರಿಗೆ ಹೊರಟಾಗಲೂ ಅದೇ ಬುದ್ಧಿ. ಮೇಲೆ ಹೋಗುವ ಜವಾನರನ್ನ 9,000 ಅಡಿ ದಾಟಿದ ಮೇಲೆ ಆರು ದಿನ ತಡೀತಾರೆ, 12,000 ದಾಟಿದ ಮೇಲೆ ನಾಲ್ಕು, 15,000 ದಾಟಿದರೆ ಮತ್ತೆ ನಾಲ್ಕು. ಮೈ ಒಗ್ಗಬೇಕಲ್ಲ. ಅವಸರ ಮಾಡಿದವನ ಶ್ವಾಸಕೋಶದಲ್ಲಿ ನೀರು ತುಂಬಿದರೆ, ಆಕ್ಸಿಜನ್ ಕೊಟ್ಟು ಕೆಳಗಿಳಿಸಲೇಬೇಕು. ಹಾಸ್ಟೆಲ್ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟೇ: "ಮೊದಲ ಆರು ದಿನ ಏನೂ ಓದಬೇಡ, ಸುಮ್ನೆ ತಿರುಗಾಡು. ಆಗಲಿಲ್ಲ ಅಂದ್ರ ಇಳಿದು ಬಾ. ಇಳಿಯೋದು ಸೋಲಲ್ಲ, ಅದೂ ಒಂದು ಔಷಧ." ಎರಡನೇ ತಿಂಗಳು ನಾನು ನಿಜವಾಗಿಯೂ ಇಳಿದು ಬಂದೆ. ಹತ್ತು ದಿನ ಮನೆಯಲ್ಲಿದ್ದೆ, ತಿರುಗಿ ಹೋದೆ. ಒಂದು ಮಾತು ಕೇಳಲಿಲ್ಲ.

ರಿಟೈರ್ ಆದ ಮೇಲೆ ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಸಣ್ಣ ಕ್ಲಿನಿಕ್ ಇಟ್ಟರು. ಅಷ್ಟೇನೂ ನಡೆಯಲಿಲ್ಲ. "ಒಂದು ಸೂಜಿ ಮಾಡ್ರೀ ಸಾಹೇಬ್ರ" ಅಂದರೆ "ಬೇಕಾಗಿಲ್ಲ, ನೀರು ಕುಡಿ" ಅನ್ನೋರು. ಜನ ಪಕ್ಕದ ಬೀದಿಗೆ ಹೋಗೋರು.

ಕೊನೆಗೆ ಸಕ್ಕರೆ ಕಾಯಿಲೆ ಅವರ ಕಾಲಿಗೇ ಬಂತು. ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ದಿನಾ ರಾತ್ರಿ ನಾನೇ ಪಾದ ತೊಳೆದು, ಒರೆಸಿ, ಟಾರ್ಚ್ ಹಾಕಿ ನೋಡುತ್ತಿದ್ದೆ. ಒಂದು ದಿನ ಆಫೀಸಿಂದ ತಡವಾಗಿ ಬಂದು ಬೇಗಬೇಗ ಮುಗಿಸಿ ಎದ್ದೆ. ಕಣ್ಣು ಮುಚ್ಚಿಕೊಂಡೇ ಇದ್ದರು. "ಎಡಗಾಲು, ಕಿರುಬೆರಳಿನ ಸಂದಿ ಬಿಟ್ಟೆ" ಅಂದರು.

ಬಿಟ್ಟಿದ್ದೆ. ತಿರುಗಿ ಕೂತು ಒರೆಸಿದೆ.