ಪ್ರತಿಕ್ರಿಯೆ: ಇಂಜೆಕ್ಷನ್ ಶುರುವಾದ ಮೇಲೆ ಅಪ್ಪನ ಕಿವಿಯಲ್ಲಿ ಗುಂಯ್ ಸದ್ದು

ಇಂಜೆಕ್ಷನ್ ಶುರುವಾದ ಮೇಲೆ ಅಪ್ಪನ ಕಿವಿ ಗುಂಯ್‌ಗುಡುತ್ತಿದೆ, ಆಸ್ಪಿರಿನ್‌ನಿಂದ ಇರಬಹುದು ಅಂತ ಬರೆದಿದ್ದೀರಿ. ನನಗೆ ಅನುಮಾನ ಇರುವುದು ಜೆಂಟಾಮೈಸಿನ್ ಇಂಜೆಕ್ಷನ್ ಮೇಲೆ. ನೀವು ದೂರುತ್ತಿರುವ 75 ಮಿಲಿಗ್ರಾಂ ಆಸ್ಪಿರಿನ್ ಅಲ್ಲ. ಆಸ್ಪಿರಿನ್‌ನಿಂದ ಕಿವಿ ಗುಂಯ್‌ಗುಡುವುದು ಸಾಮಾನ್ಯವಾಗಿ ಡೋಸ್ ತುಂಬಾ ಜಾಸ್ತಿ ಆದಾಗ. ಮೂತ್ರದ ಸೋಂಕಿಗೆ ಜೆಂಟಾಮೈಸಿನ್, ಕಾಲು ಊತಕ್ಕೆ ಲ್ಯಾಸಿಕ್ಸ್ (ಮೈಯ ನೀರಿಳಿಸುವ ಔಷಧಿ), ಎರಡೂ ಸೇರಿದರೆ ಒಳಕಿವಿಗೆ ಅಪಾಯ ಹೆಚ್ಚು. ಕಿಡ್ನಿ ಸ್ವಲ್ಪ ವೀಕ್ ಇದ್ದರೆ ಔಷಧಿ ಮೈಯಲ್ಲೇ ಉಳಿಯುತ್ತದೆ. ನಮ್ಮತ್ತೆಗೂ ಹೀಗೇ ಆಗಿತ್ತು.

ಮುಂದಿನ ಇಂಜೆಕ್ಷನ್ ಹಾಕಿಸುವ ಮೊದಲೇ, ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಬೇರೆ ಆಂಟಿಬಯಾಟಿಕ್ ಕೊಡಬಹುದಾ ಕೇಳಿ. ಲ್ಯಾಸಿಕ್ಸ್, ಆಸ್ಪಿರಿನ್ ಮಾತ್ರ ನೀವೇ ನಿಲ್ಲಿಸಬೇಡಿ. ನಡೆಯುವಾಗ ತೂರಾಡುತ್ತಾರಾ, ತಲೆ ಸುತ್ತುತ್ತಾ, ಅದನ್ನೂ ಹೇಳಿ. ಜೆಂಟಾಮೈಸಿನ್ ಬ್ಯಾಲೆನ್ಸನ್ನೂ ಕೆಡಿಸಬಹುದು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಿದೆಯಾ ವಿಚಾರಿಸಿ.

ಆಮೇಲೆ ಇಎನ್‌ಟಿ (ಕಿವಿ-ಮೂಗು-ಗಂಟಲು) ಡಾಕ್ಟರು. ಮುಳಬಾಗಿಲಿನಿಂದ ಕೋಲಾರ ದೂರವೇನಲ್ಲ, ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾತ್ರೆ ಸ್ಟ್ರಿಪ್, ಚೀಟಿ ಎಲ್ಲ ಜೊತೆಗಿರಲಿ. ಆಡಿಯೋಮೆಟ್ರಿ (ಕಿವಿ ಕೇಳುವ ಪರೀಕ್ಷೆ) ಮಾಡಿ ಅಂತ ಬಾಯಿಬಿಟ್ಟು ಕೇಳಿ. ಮೊದಲು ಕೇಳಿಸದಂತಾಗುವುದು ಕೀರಲು ಸದ್ದು, ಹಾಗಾಗಿ ಮನೆಯಲ್ಲಿ ಮಾತು ಚೆನ್ನಾಗೇ ಕೇಳಿಸುತ್ತಿರುತ್ತದೆ, ಯಾರಿಗೂ ಗೊತ್ತಾಗಲ್ಲ. ಬರೀ ಗುಗ್ಗೆ ಕಟ್ಟಿರಬಹುದು, ಅದನ್ನೂ ಅವರೇ ನೋಡುತ್ತಾರೆ. ಬೆಳ್ಳುಳ್ಳಿ ಎಣ್ಣೆ ಬಿಡೋಣ ಅಂತ ಯಾರಾದರೂ ಬಂದರೆ ದಯವಿಟ್ಟು ಬೇಡ ಅನ್ನಿ.

ಸದ್ದು ಪೂರ್ತಿ ಹೋಗುತ್ತಾ? ಹೇಳಲಾರೆ. ಜೆಂಟಾಮೈಸಿನ್‌ನಿಂದ ಆದ ಹಾನಿ ಎಷ್ಟೋ ಸಲ ಸರಿಹೋಗಲ್ಲ. ಅದಕ್ಕೇ ಇವತ್ತೇ ಫೋನ್ ಮಾಡಿ ಅಂತಿರೋದು. ಒಂದು ಕಿವಿ ದಿಢೀರನೆ ಕೇಳದಂತಾದರೆ ಫೋನಿಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.