ಶೋತ್ ಕಲ್ ಅಂದರೆ ಹಳೇ ಸೆಂಚುರಿಯನ್ನೇ

1973ರ ಯುದ್ಧದಲ್ಲಿ ಗೋಲನ್ ಬೆಟ್ಟಗಳಲ್ಲಿ ಸಿರಿಯಾ ವಿರುದ್ಧ ಇಸ್ರೇಲ್ ಬಳಸಿದ ಶೋತ್ ಕಲ್ ಹೊಸ ಟ್ಯಾಂಕಾ, ಇಲ್ಲಾ ಬ್ರಿಟಿಷರ ಸೆಂಚುರಿಯನ್ನಾ ಅಂತ ಕೇಳಿದ್ದೀರಿ. ಸೆಂಚುರಿಯನ್ನೇ. 1965ರ ಯುದ್ಧದಲ್ಲಿ ಪಾಕಿಸ್ತಾನದ ಫಿಲ್ಲೋರಾದಲ್ಲಿ ನಮ್ಮ ಸೇನೆ ಇಳಿಸಿತ್ತಲ್ಲ, ಅದೇ ಜಾತಿ.

ಮೊದಲು ಬದಲಾಗಿದ್ದು ಫಿರಂಗಿ. 84 ಮಿ.ಮೀ. ಹೋಗಿ 105 ಮಿ.ಮೀ. ಎಲ್7 ಬಂತು. ಆದರೆ ನನ್ನ ಪ್ರಕಾರ ದೊಡ್ಡ ಬದಲಾವಣೆ ಇಂಜಿನ್ನದು. ಹಳೇ ಮೀಟಿಯರ್ ಪೆಟ್ರೋಲ್ ಇಂಜಿನ್. ಎಣ್ಣೆ ಕುಡಿಯೋದು ಜಾಸ್ತಿ, ಬೆಂಕಿ ಭಯ ಬೇರೆ. 1970ರ ಹೊತ್ತಿಗೆ ಅದನ್ನು ಕಿತ್ತು ಅಮೆರಿಕದ 750 ಅಶ್ವಶಕ್ತಿಯ ಕಾಂಟಿನೆಂಟಲ್ ಡೀಸೆಲ್ ಕೂರಿಸಿದರು, ಜೊತೆಗೆ ಆಲಿಸನ್ ಗೇರ್‌ಬಾಕ್ಸ್. ಇಂಜಿನ್ ದೊಡ್ಡದು, ಹಾಗಾಗಿ ಹಿಂಭಾಗವನ್ನು ಎತ್ತರಿಸಬೇಕಾಯಿತು. ಫೋಟೋದಲ್ಲಿ ಗುರುತು ಹಿಡಿಯೋಕೆ ಆ ಉಬ್ಬಿದ ಬೆನ್ನೇ ಸಾಕು. ಇಸ್ರೇಲ್ ಬಳಿಯಿದ್ದ ಅಮೆರಿಕದ ಪ್ಯಾಟನ್ ಟ್ಯಾಂಕಿಗೂ ಇದೇ ಇಂಜಿನ್ ಕುಟುಂಬ, ಬಿಡಿಭಾಗದ ತಲೆನೋವೂ ತಪ್ಪಿತು.

ಗೋಲನ್‌ನಲ್ಲಿ ಕೈ ಹಿಡಿದ ಇನ್ನೊಂದು ಗುಣ ಹಳೇ ವಿನ್ಯಾಸದ್ದೇ. ಫಿರಂಗಿಯ ಮೂತಿ 10 ಡಿಗ್ರಿ ಕೆಳಗೆ ಬಗ್ಗುತ್ತಿತ್ತು. ದಿಬ್ಬದ ಹಿಂದೆ ಮೈ ಮರೆಮಾಡಿಕೊಂಡು, ಗೋಪುರ ಮಾತ್ರ ತೋರಿಸಿ, ಕೆಳಗಿನಿಂದ ಬರುವವರಿಗೆ ಹೊಡೆಯಬಹುದಿತ್ತು. ಸಿರಿಯಾದ ಟಿ-55, ಟಿ-62ಗಳಿಗೆ ಅಷ್ಟು ಬಗ್ಗಿಸಲು ಆಗುತ್ತಿರಲಿಲ್ಲ. ರಾತ್ರಿ ಮಾತ್ರ ಲೆಕ್ಕ ಉಲ್ಟಾ. ಕತ್ತಲಲ್ಲಿ ನೋಡುವ ಇನ್‌ಫ್ರಾರೆಡ್ ಉಪಕರಣ ಸಿರಿಯಾದವರ ಬಳಿ ಇತ್ತು, ಇಸ್ರೇಲಿನವರು ಬೆಳಕಿನ ಗುಂಡು ಹಾರಿಸಿ ನೋಡಬೇಕಿತ್ತು.

1982ರಲ್ಲಿ ಲೆಬನಾನ್‌ಗೆ ಹೋದಾಗ ಮೈಮೇಲೆ ಬ್ಲೇಜರ್ ಸ್ಫೋಟಕ ಕವಚದ, ಅಂದರೆ ಗುಂಡು ಬಡಿದಾಗ ತಾವೇ ಸಿಡಿದು ಅದರ ಹೊಡೆತ ತಗ್ಗಿಸುವ, ಇಟ್ಟಿಗೆಗಳಿದ್ದವು. ಇಸ್ರೇಲಿನ ಸ್ವಂತ ಟ್ಯಾಂಕ್ ಮೆರ್ಕಾವಾ ಬಂದ ಮೇಲೆ ಇವು ನಿಧಾನಕ್ಕೆ ಹಿಂದೆ ಸರಿದವು. ಆದರೆ ಗುಜರಿಗೆ ಹಾಕಲಿಲ್ಲ, ಎಷ್ಟೋ ಟ್ಯಾಂಕುಗಳ ಗೋಪುರ ತೆಗೆದು ಸೈನಿಕರನ್ನು ಸಾಗಿಸುವ ನಗ್ಮಾಖೋನ್, ಇಂಜಿನಿಯರ್‌ಗಳ ಪೂಮಾ ಮಾಡಿದರು.